ಸದ್ದು ಮಾಡದ ಟ್ರ್ಯಾಕ್ಟರಿನ ಬೆಲೆ

ಕಾರ್ನೀಲಿಯಸ್ ತೀಸೆನ್ ಟ್ರ್ಯಾಕ್ಟರನ್ನು ಮುಟ್ಟದೆಯೇ ಬೆಲೆ ಕಟ್ಟಿದರು. ಅಂಗಳದ ನಡುವೆ ನಿಂತು, ಎದೆಯ ಜೇಬಿನಿಂದ ಪೆನ್ಸಿಲ್ ತೆಗೆದು, ಅದರ ತುದಿಯನ್ನು ನಾಲಿಗೆಗೆ ಒತ್ತಿಕೊಂಡು, "ಎಷ್ಟು ವರ್ಷ ಆಯ್ತಮ್ಮ ತಗೊಂಡು?" ಎಂದು ಕೇಳಿದರು.

"ಒಂಬತ್ತು," ಎಂದಳು ಜಸ್ಟೀನಾ.

"ಉಕ್ಕಿನ ಗಾಲಿ ಮೇಲೆ ಒಂಬತ್ತು. ಹಾಗಾದ್ರೆ ಐದೂವರೆ ಸಾವಿರ ಡಾಲರ್. ಆರು ಬಂದ್ರೆ ದೇವರ ದಯೆ ಅಂದ್ಕೊ."

"ತೀಸೆನ್ ಮಾಮ, ಒಂದ್ಸಲ ಸ್ಟಾರ್ಟ್ ಮಾಡಿ ನೋಡಿ. ಎಂಟು ವರ್ಷದಿಂದ ಗೇರ್‌ಬಾಕ್ಸ್ ಬಿಚ್ಚಿಲ್ಲ. ಒಂದು ಬೇರಿಂಗ್ ಕೂಡ ಬದಲಾಯಿಸಿಲ್ಲ."

ತೀಸೆನ್ ನಕ್ಕರು. ಅದು ಕೆಟ್ಟ ನಗುವಲ್ಲ. ಮಗು ತನ್ನ ಮಣ್ಣಿನ ರೊಟ್ಟಿಯನ್ನು ತಿನ್ನಲು ಕೊಟ್ಟಾಗ ದೊಡ್ಡವರು ನಗುವ ನಗು. "ಈ ಕಾಲೊನಿಯಲ್ಲಿ ಎರಡು ವರ್ಷಕ್ಕೊಂದು ಸಲ ಗೇರ್‌ಬಾಕ್ಸ್ ಬಿಚ್ಚದ ಟ್ರ್ಯಾಕ್ಟರ್ ಯಾವುದಿದೆ ತಾಯಿ? ಗೆರ್ಟ್ ಬಿಚ್ಚಿರ್ತಾನೆ, ನಿಂಗೆ ಹೇಳಿರಲ್ಲ. ಗಂಡಸರು ಎಲ್ಲಾನೂ ಮನೇಲಿ ಹೇಳ್ತಾರಾ?"

ಎಲ್ಲರೂ ಗೆರ್ಟ್ ಎನ್ನುತ್ತಿದ್ದ ಅವಳ ಗಂಡ ಗೆರ್ಹಾರ್ಡ್ ಅವಳಿಗೆ ಎಲ್ಲವನ್ನೂ ಹೇಳುತ್ತಿದ್ದ. ಅದೇ ಈಗಿನ ತೊಂದರೆಯಾಗಿತ್ತು.

ಫೆಬ್ರವರಿಯಲ್ಲಿ ಬಾವಿಯ ಪಂಪಿನ ಬಳಿ ಸಿಡಿಲು ಬಡಿದು ಗೆರ್ಹಾರ್ಡ್ ಸತ್ತ ಮೇಲೆ, ಕಾಲೊನಿಯ ಕ್ರೈಸ್ತ ಸಭೆ ತೀಸೆನ್‌ರನ್ನು ಅವಳ ನಾಲ್ಕು ಮಕ್ಕಳಿಗೆ ಪಾಲಕರೆಂದು ನೇಮಿಸಿತ್ತು. ಕಟ್ಟಳೆ ಎಲ್ಲರಿಗೂ ಒಂದೇ. ಸತ್ತವನ ಆಸ್ತಿಯಲ್ಲಿ ಮಕ್ಕಳಿಗೆ ಸೇರಬೇಕಾದದ್ದನ್ನು ಅವರು ದೊಡ್ಡವರಾಗುವ ತನಕ ಅನಾಥರ ನಿಧಿಯಲ್ಲಿ ಇಡಬೇಕು. ಎಲ್ಲ ಕೂಡಿ ಕಳೆದು, ಈ ವರ್ಷ ಕಟ್ಟಬೇಕಾದ ಹಣ ಒಂಬತ್ತು ಸಾವಿರ ಎಂದು ಸಭೆ ಗೊತ್ತುಮಾಡಿತ್ತು. ಟ್ರ್ಯಾಕ್ಟರ್ ಅಷ್ಟು ತಂದರೆ ಬೇರೇನನ್ನೂ ಮುಟ್ಟಬೇಕಾಗಿಲ್ಲ. ಉಳುಮೆಗೆ ಪಕ್ಕದವರ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಯಬಹುದು. ತರದಿದ್ದರೆ ಮನೆಯ ಹಿಂದಿನ ಮೂರು ಹೆಕ್ಟೇರ್ ಮೇವಿನ ಹೊಲ ಹೋಗುತ್ತದೆ. ಮೇವು ಹೋದರೆ ಹನ್ನೆರಡು ಹಸುಗಳು ಹೋಗುತ್ತವೆ. ಮಾರಾಟದ ಹಾಲಿನ ಕ್ಯಾನು ಗೇಟಿನ ಬಳಿ ಇಡಲಾಗದ ವಿಧವೆಗೆ ಕಾಲೊನಿಯಲ್ಲಿ ಉಳಿಯುವ ದಾರಿ ಒಂದೇ: ಹೆಂಡತಿ ಸತ್ತ ಯಾರದೋ ಮನೆಗೆ ನಾಲ್ಕು ಮಕ್ಕಳೊಂದಿಗೆ ಹೋಗಿ ಅವನ ಎಂಟು ಮಕ್ಕಳಿಗೆ ಅಡುಗೆ ಮಾಡುವುದು. ಜಸ್ಟೀನಾಗೆ ಮೂವತ್ನಾಲ್ಕು ವರ್ಷ. ಅವಳಿಗೆ ಇನ್ನೊಬ್ಬ ಗಂಡ ಬೇಕಿರಲಿಲ್ಲ. ಒಂಬತ್ತು ಸಾವಿರ ಬೇಕಿತ್ತು.

"ಯಾರಾದ್ರೂ ಒಂಬತ್ತು ಕೊಟ್ರೆ?" ಎಂದು ಕೇಳಿದಳು.

"ಕೊಟ್ರೆ ನಾನೇನು ಬೇಡ ಅಂತೀನಾ? ಶುಕ್ರವಾರದವರೆಗೆ ನೋಡೋಣ," ಎಂದು ತೀಸೆನ್ ಪೆನ್ಸಿಲನ್ನು ಜೇಬಿಗೆ ಹಾಕಿ, ಕುದುರೆ ಗಾಡಿ ಹತ್ತಿದರು. ಟ್ರ್ಯಾಕ್ಟರಿನ ಕಡೆಗೆ ತಿರುಗಿಯೂ ನೋಡಲಿಲ್ಲ.

ಬ್ರೆಜಿಲ್‌ನಿಂದ ಬಂದ, ಎಂಬತ್ತೈದು ಕುದುರೆ ಶಕ್ತಿಯ ಕೆಂಪು ಟ್ರ್ಯಾಕ್ಟರದು. ಬಣ್ಣ ಬಿಸಿಲಿಗೆ ಹಳೆಯ ಇಟ್ಟಿಗೆಯಂತೆ ಮಾಸಿತ್ತು. ಕೊಂಡ ವಾರವೇ ಎಲ್ಲರಂತೆ ಗೆರ್ಹಾರ್ಡ್ ಕೂಡ ಅದರ ರಬ್ಬರ್ ಟೈರುಗಳನ್ನು ಕಳಚಿ ಪಟ್ಟಣದಲ್ಲಿ ಮಾರಿ, ಕಾಲೊನಿಯ ಕಮ್ಮಾರನಿಂದ ಉಕ್ಕಿನ ಗಾಲಿ ಹಾಕಿಸಿದ್ದ. ರಬ್ಬರಿನ ಮೇಲೆ ಕೂತ ಹುಡುಗ ಪಟ್ಟಣಕ್ಕೆ ಹೋಗುತ್ತಾನೆ, ಹೋದವನು ಸಂಗೀತ ಕೇಳುತ್ತಾನೆ, ಕೇಳಿದವನು ಹಿಂತಿರುಗುವುದಿಲ್ಲ. ಹಾಗಾಗಿ ಗಾಲಿಗೆ ರಬ್ಬರು ಬೇಡ, ಹೊಲದ ಯಂತ್ರ ಹೊಲದಲ್ಲೇ ಇರಲಿ ಎಂದು ಹಿರಿಯರು ಎಂದೋ ನಿಶ್ಚಯಿಸಿದ್ದರು. ಉಕ್ಕಿನ ಗಾಲಿ ಗಟ್ಟಿ ರಸ್ತೆಯ ಮೇಲೆ ಹೋದರೆ ಕೂತವನ ಬೆನ್ನುಮೂಳೆಯ ಒಂದೊಂದು ಗಂಟೂ ಲೆಕ್ಕಕ್ಕೆ ಸಿಗುತ್ತದೆ. ಯಂತ್ರಕ್ಕೂ ಅಷ್ಟೆ. ಮೊದಲ ಬೇರಿಂಗ್ ಮುನ್ನೂರ ಎಂಬತ್ತು ಗಂಟೆಗೆ ಒಡೆಯಿತು. ಹೊಸದು ಹಾಕಿದರು. ಅದು ನಾನೂರ ಹತ್ತು ಗಂಟೆ ಬಾಳಿತು.

ಎರಡನೆಯದು ಒಡೆದ ದಿನ ಗೆರ್ಹಾರ್ಡ್ ಅದರ ತುಂಡುಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದ್ದ. "ಇದು ಸವೆದಿಲ್ಲ ಜಸ್ಟೀ, ಏಟು ತಿಂದಿದೆ," ಎಂದಿದ್ದ. "ಗಾಲಿಯ ಪ್ರತಿ ಹಲ್ಲು ನೆಲಕ್ಕೆ ಬಿದ್ದಾಗ್ಲೂ ಒಂದು ಸುತ್ತಿಗೆ ಏಟು. ಏಟು ಗೇರ್‌ಬಾಕ್ಸ್‌ಗೆ ಹೋಗೋದ್ರೊಳಗೆ ಅದನ್ನ ಎಲ್ಲಾದ್ರೂ ನುಂಗಿಸಿಬಿಡ್ಬೇಕು."

ಪಟ್ಟಣದ ಎಣ್ಣೆ ಗಿರಣಿಯವರು ಬೀಜ ಸಾಗಿಸುವ ಹಳೆಯ ರಬ್ಬರ್ ಪಟ್ಟಿಯನ್ನು ಹಿತ್ತಲಿಗೆ ಬಿಸಾಡಿದ್ದರು. ಗೆರ್ಹಾರ್ಡ್ ಅದನ್ನು ಸೋಯಾ ಚೀಲಗಳ ಕೆಳಗೆ ಹಾಕಿ ತಂದ. ಒಂದೊಂದು ಹಿಂಗಾಲಿಗೆ ಇಪ್ಪತ್ನಾಲ್ಕು ಉಕ್ಕಿನ ಹಲ್ಲು, ಒಂದು ಹಲ್ಲಿಗೆ ಎರಡು ಬೋಲ್ಟು. ಪ್ರತಿ ಹಲ್ಲನ್ನು ಬಿಚ್ಚಿ, ಅದಕ್ಕೂ ಗಾಲಿಯ ಪಟ್ಟೆಗೂ ನಡುವೆ ರಬ್ಬರಿನ ಎರಡು ಪದರ ಇಟ್ಟು ಮತ್ತೆ ಬಿಗಿದರು. ರಬ್ಬರನ್ನು ಉಕ್ಕಿನ ಅಂಚಿಗಿಂತ ಒಂದು ಬೆರಳು ಒಳಗೆ ಬರುವಂತೆ ಕತ್ತರಿಸಿದವಳು ಜಸ್ಟೀನಾ, ಅವಳದೇ ಹೊಲಿಗೆಯ ಅಳತೆಪಟ್ಟಿಯಿಂದ. ಸಂದಿಗೆ ಮಣ್ಣು ಮೆತ್ತಿದರು. ನೋಡುವವರಿಗೆ ಅದು ಉಕ್ಕಿನ ಗಾಲಿ. ಮುಟ್ಟುವವರಿಗೂ ಉಕ್ಕಿನ ಗಾಲಿಯೇ.

ಆಮೇಲೆ ಎಂಟು ವರ್ಷ. ಗೆರ್ಹಾರ್ಡನ ಅಕ್ಷರ ಅವನಿಗೇ ಓದಲು ಬರುತ್ತಿರಲಿಲ್ಲವಾದ್ದರಿಂದ, ಹಾಲು ಕರೆಯುವಾಗ ಅವನು ಹೇಳಿದ್ದನ್ನು ಅವಳು ಶಾಲೆಯ ಹಳೆಯ ಪುಸ್ತಕವೊಂದರಲ್ಲಿ ಬರೆದಿಟ್ಟಳು. ಇವತ್ತು ಏಳು ಗಂಟೆ. ಇವತ್ತು ಎಣ್ಣೆ ಬದಲಾಯಿಸಿದ್ದು. ಎಡಗಾಲಿ, ಒಂಬತ್ತನೇ ಹಲ್ಲು, ರಬ್ಬರು ತೆಳುವಾಗಿತ್ತು, ಹೊಸದು ಹಾಕಿದ್ದು. ಬೇರಿಂಗ್ ಎಂಬ ಪದ ಎರಡನೇ ಪುಟದ ನಂತರ ಎಲ್ಲೂ ಇರಲಿಲ್ಲ.

ಒಂಬತ್ತು ಸಾವಿರಕ್ಕೆ ಆ ಪುಸ್ತಕದಷ್ಟು ಗಟ್ಟಿ ಸಾಕ್ಷಿ ಇನ್ನೊಂದಿರಲಿಲ್ಲ. ಅದನ್ನು ಯಾರಿಗೂ ತೋರಿಸುವಂತೆಯೂ ಇರಲಿಲ್ಲ.

ಬುಧವಾರ, ಹದಿನಾಲ್ಕನೇ ಕ್ಯಾಂಪು ಎಂದು ಕರೆಯುವ ಆ ಹಳ್ಳಿಯವರನ್ನು ಪಟ್ಟಣಕ್ಕೆ ಕರೆದೊಯ್ಯುವ ಟ್ಯಾಕ್ಸಿಯ ರುಬೆನ್ ಗೇಟಿನ ಬಳಿ ನಿಂತು ಟ್ರ್ಯಾಕ್ಟರನ್ನು ನೋಡಿದ. ಕಾಲೊನಿಯ ಭಾಷೆಯನ್ನು ಅವನು ಕೋಳಿ ಕಾಳು ಹೆಕ್ಕಿದಂತೆ ಮಾತಾಡುತ್ತಿದ್ದ, ಹೆಂಗಸರನ್ನೆಲ್ಲ ತನ್ನ ಭಾಷೆಯಲ್ಲಿ ಸೆನ್ಯೋರಾ ಎನ್ನುತ್ತಿದ್ದ.

"ಸೆನ್ಯೋರಾ, ಗಂಟೆ ಎಷ್ಟು ಓಡಿದೆ?"

"ಮೂರು ಸಾವಿರದ ನೂರೈವತ್ತು."

"ಪಟ್ಟಣದಲ್ಲಿ ಹನ್ನೊಂದು ಸಾವಿರ ಬರತ್ತೆ! ಆದ್ರೆ ಇವಳಿಗೆ ಬರಿಗಾಲು. ಶೂ ಹಾಕಿಸ್ಬೇಕು. ನಾಲ್ಕು ಶೂಗೆ ಎರಡು ಸಾವಿರ. ನಮ್ಮ ಭಾವನಿಗೆ ಹೇಳ್ಲಾ? ಅವ್ನೇ ಬಂದು ಗಾಲಿ ಬಿಚ್ಚಿ ಒಯ್ತಾನೆ."

ಹನ್ನೊಂದರಲ್ಲಿ ಎರಡು ಹೋದರೆ ಒಂಬತ್ತು. ಅವಳಿಗೆ ಬೇಕಾದಷ್ಟೇ. ಆದರೆ ಅನಾಥರ ಪಾಲಿನ ವಸ್ತುವನ್ನು ಹೊರಗಿನವರಿಗೆ ಮಾರಲು ಸಭೆ ಒಪ್ಪುತ್ತಿರಲಿಲ್ಲ. ಒಪ್ಪಿದರೂ, ಇದೇ ಅಂಗಳದಲ್ಲಿ ಎಲ್ಲರ ಮುಂದೆ ಗಾಲಿ ಬಿಚ್ಚುವುದನ್ನು ಅವಳು ಒಪ್ಪುವಂತಿರಲಿಲ್ಲ. "ಬೇಡ ರುಬೆನ್," ಎಂದಳು.

"ನಿಮ್ಮ ಜನ ಒಳ್ಳೇ ಜನ, ಸೆನ್ಯೋರಾ. ಲೆಕ್ಕ ಮಾತ್ರ ಬರಲ್ಲ," ಎಂದು ರುಬೆನ್ ಕಾರು ಹತ್ತಿದ.

ಗೆರ್ಹಾರ್ಡ್ ಸತ್ತ ವಾರವೇ ರಬ್ಬರನ್ನು ತೆಗೆದುಬಿಡಬೇಕೆಂದು ಅವಳಿಗೆ ಅನಿಸಿತ್ತು. ತೆಗೆಯಲಿಲ್ಲ. ಕೊಳ್ಳುವವನು ಹತ್ತಿ ಕೂತು ನಾಲ್ಕು ಹೆಜ್ಜೆ ಓಡಿಸಿದರೆ ಸಾಕು, ಗಾಡಿ ತಾನೇ ತನ್ನ ಬೆಲೆ ಹೇಳುತ್ತದೆ ಎಂದುಕೊಂಡಿದ್ದಳು. ಅಷ್ಟು ವರ್ಷ ಆ ಟ್ರ್ಯಾಕ್ಟರಿನ ಜೊತೆ ಬದುಕಿ, ಉಳಿದವರಿಗೆ ಅದರ ಮೌನ ಎಷ್ಟು ವಿಚಿತ್ರವಾಗಿ ಕೇಳಿಸೀತೆಂಬುದು ಅವಳಿಗೆ ಹೊಳೆದಿರಲಿಲ್ಲ.

ಗುರುವಾರ ಐಸಾಕ್ ಪೆನ್ನರ್ ಬಂದ. ಕ್ಯಾಂಪಿನಲ್ಲಿ ಅವನಿಗೆ ಇನ್ನೂರು ಹೆಕ್ಟೇರ್ ಹೊಲ, ಏಳು ಗಂಡುಮಕ್ಕಳು, ಮೂರು ಟ್ರ್ಯಾಕ್ಟರು. ಮೂರರಲ್ಲಿ ಯಾವಾಗಲೂ ಒಂದು ಬಿಚ್ಚಿಟ್ಟ ಸ್ಥಿತಿಯಲ್ಲಿರುತ್ತಿತ್ತು. ಬಂದವನು ಕುಡಿಯಲು ನೀರು ಕೇಳಿದ. ಅರ್ಧ ಲೋಟ ಕುಡಿದು, ಉಳಿದದ್ದನ್ನು ಲೋಟದ ಸಮೇತ ಹಿಂಗಾಲಿಯ ಮಡ್‌ಗಾರ್ಡಿನ ಮೇಲಿಟ್ಟು ಟ್ರ್ಯಾಕ್ಟರ್ ಹತ್ತಿದ. ಅಂಗಳ ದಾಟಿ, ರಸ್ತೆಗಿಳಿದು, ಶಾಲೆಯ ತಿರುವಿನ ತನಕ ಹೋಗಿ ಹಿಂತಿರುಗಿದ. ಎಂಜಿನ್ ಆರಿಸಿದ. ಲೋಟ ಇಟ್ಟಲ್ಲೇ ಇತ್ತು. ನೀರೂ ಇತ್ತು.

ಐಸಾಕ್ ಆ ನೀರನ್ನು ನಿಧಾನವಾಗಿ ಕುಡಿದು ಮುಗಿಸಿದ.

"ತಂಗೀ, ಮೂವತ್ತು ವರ್ಷದಿಂದ ಉಕ್ಕಿನ ಗಾಲಿ ಮೇಲೆ ಕೂತಿದ್ದೀನಿ. ಯಾರಿಗೆ ಬೇಕಾದ್ರೂ ಸುಳ್ಳು ಹೇಳಬಹುದು, ನನ್ನ ಕುಂಡಿಗೆ ಹೇಳೋಕಾಗಲ್ಲ."

"ಗೆರ್ಟ್ ಚೆನ್ನಾಗಿ ನೋಡ್ಕೊಂಡಿದ್ರು, ಪೆನ್ನರಣ್ಣ."

"ಹೇಗೆ ನೋಡ್ಕೊಂಡ ಅಂತ ನೋಡೋಣ ಇರು." ಅವನು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಚಾಕು ಬಿಚ್ಚಿ, ಹಲ್ಲಿನ ಬುಡದ ಮಣ್ಣು ಕೆರೆದ. ಚಾಕುವಿನ ತುದಿಯನ್ನು ಸಂದಿಗೆ ತುರುಕಿ ತಿರುಚಿದ. ಹೊರಬಂದ ಕರಿಯ ಚೂರನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ.

"ಇದೇನಮ್ಮ? ಹಸುವಿನ ಗೊರಸಾ?"

ಕೊಟ್ಟಿಗೆಯಲ್ಲಿ ಕರುವೊಂದು ಕೂಗಿತು.

"ಜಾಣ ನಿನ್ನ ಗಂಡ," ಎಂದ ಐಸಾಕ್, ಅವನ ದನಿಯಲ್ಲಿ ನಿಜವಾದ ಮೆಚ್ಚುಗೆಯಿತ್ತು. "ನಾವು ಆಣೆ ಹಾಕೋ ಹಾಗಿಲ್ಲ. ಇಲ್ಲಾಂದ್ರೆ ಆಣೆ ಮಾಡಿ ಹೇಳ್ತಿದ್ದೆ, ಇಂಥಾ ಜಾಣನ್ನ ನೋಡಿಲ್ಲ ಅಂತ." ಚಾಕುವನ್ನು ಪ್ಯಾಂಟಿಗೆ ಒರೆಸಿ ಮಡಚಿದ. "ಮನೆಯಿಂದ ಹೊರಟಾಗ ಆರು ಸಾವಿರಕ್ಕೆ ತಗೊಳ್ಳೋಣ ಅಂತಿದ್ದೆ. ಈಗ ಐದು."

"ಒಂಬತ್ತು ಬಾಳತ್ತೆ ಅಂತ ನಿಮಗೆ ಈಗ ತಾನೇ ಗೊತ್ತಾಯ್ತಲ್ಲ!"

"ಅದಕ್ಕೇ ಐದು. ಮಾಮೂಲಿ ಗಾಡಿ ಆಗಿದ್ರೆ ನೀನು ಚೌಕಾಸಿ ಮಾಡಬಹುದಿತ್ತು. ಇಷ್ಟು ಒಳ್ಳೇ ಗಾಡಿಗೆ ನೀನು ಬೆಲೆ ಹೇಳೋ ಹಾಗೇ ಇಲ್ಲ."

"ಹಿರಿಯರಿಗೆ ಹೇಳ್ತೀರಾ?"

"ನಾನ್ಯಾಕೆ ಹೇಳ್ಲಿ? ನಾನು ಗಾಡಿ ತಗೊಳ್ಳೋಕೆ ಬಂದವನು." ಅವನು ಟೋಪಿ ತೆಗೆದು, ಹಣೆ ಒರೆಸಿ, ಮತ್ತೆ ಹಾಕಿಕೊಂಡ. "ಆದ್ರೆ ಯೋಚನೆ ಮಾಡು. ವರ್ಷಕ್ಕೆ ಎರಡು ಸಲ ಪ್ರಭುಭೋಜನ. ಎಂಟು ವರ್ಷಕ್ಕೆ ಹದಿನಾರು. ಹದಿನಾರು ಸಲ ಗೆರ್ಟ್ ರೊಟ್ಟಿ ಮುರಿದು ತಿಂದಿದ್ದಾನೆ, ನನ್ನ ಮನಸ್ಸಲ್ಲಿ ಏನೂ ಬಚ್ಚಿಟ್ಟಿಲ್ಲ ಅಂತ ಹೇಳ್ಕೊಂಡು. ಸತ್ತವನನ್ನ ಸಭೆಯಿಂದ ಹೊರಗೆ ಹಾಕೋಕಾಗಲ್ಲ, ಸರಿ. ಅವನ ಹೆಸರನ್ನ ಹಾಕಬಹುದು. ನೀನಂತೂ ಬದುಕಿದ್ದೀಯ. ನಿನ್ನ ಮಗಳು ಎವಾ ಶಾಲೆಗೆ ಹೋಗ್ತಾಳಲ್ವಾ? ಆಮೇಲೆ ಯಾರ ಪಕ್ಕ ಕೂರ್ತಾಳೆ?"

ಜಸ್ಟೀನಾ ಅವನ ಅಂಗೈಯಲ್ಲಿದ್ದ ರಬ್ಬರಿನ ಚೂರನ್ನು ನೋಡುತ್ತಿದ್ದಳು. ಅಂಚು ನೇರವಾಗಿತ್ತು. ಅವಳೇ ಕತ್ತರಿಸಿದ ಅಂಚು.

"ಏಳು ಕೊಡಿ," ಎಂದಳು. ತನ್ನ ದನಿ ಬೇಡುತ್ತಿರುವುದು ಅವಳಿಗೇ ಕೇಳಿಸಿತು.

"ನಾಳೆ ತೀಸೆನ್ ಮಾಮನ ಜೊತೆ ಬರ್ತೀನಿ. ಐದು," ಎಂದು ಐಸಾಕ್ ಚೂರನ್ನು ಜೇಬಿಗೆ ಹಾಕಿಕೊಂಡ. ಖಾಲಿ ಲೋಟವನ್ನು ಅವಳ ಕೈಗೆ ಕೊಟ್ಟು, "ನೀರು ತಣ್ಣಗಿತ್ತು, ತಂಗೀ," ಎಂದ.

ಅಡುಗೆಮನೆಯಲ್ಲಿ ಅತ್ತೆ ಆಗಾನೇತಾ ಬೀನ್ಸ್ ಬಿಡಿಸುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಕಿಟಕಿಯ ಬಳಿಯೇ ಅವಳ ಕುರ್ಚಿ. ಜಸ್ಟೀನಾ ಲೋಟವನ್ನು ಮೂರು ಸಲ ತೊಳೆದಳು.

"ಎಷ್ಟಂತೆ?"

"ಐದು."

"ಗಾಲಿ ನೋಡಿದ್ನಾ?"

ಜಸ್ಟೀನಾ ತಿರುಗಿದಳು. "ನಿಮಗೆ ಗೊತ್ತಿತ್ತಾ ಅತ್ತೆ?"

"ನಾನೇನು ಕಿವುಡಿಯೇನೆ? ಅಕ್ಕಪಕ್ಕದವರು ಟ್ರ್ಯಾಕ್ಟರ್ ತೆಗೆದ್ರೆ ಲೋಟದಲ್ಲಿರೋ ನನ್ನ ಹಲ್ಲಿನ ಸೆಟ್ಟು ಕುಣಿಯತ್ತೆ. ನನ್ನ ಮಗ ತೆಗೆದ್ರೆ ಸುಮ್ನಿರತ್ತೆ. ಎಂಟು ವರ್ಷ ಸುಮ್ನಿತ್ತು. ನಾನೂ ಸುಮ್ನಿದ್ದೆ."

"ಪುಸ್ತಕ ತೋರಿಸಿಬಿಡ್ತೀನಿ ಅತ್ತೆ. ತೀಸೆನ್ ಮಾಮನಿಗೆ ಎಲ್ಲಾ ಹೇಳಿ, ತಪ್ಪಾಯ್ತು ಅಂತೀನಿ. ಗಾಡಿ ಚೆನ್ನಾಗಿರೋದಂತೂ ನಿಜ ತಾನೆ? ಬೆಲೆ ಬರಲಿ."

"ತಪ್ಪಾಯ್ತು ಅಂತ ನೀನು ಹೇಳ್ತೀಯ. ಅವನು ಬಂದು ಹೇಳೋಕಾಗತ್ತಾ?" ಮುದುಕಿಯ ಬೆರಳುಗಳು ನಿಲ್ಲಲಿಲ್ಲ. ಕಾಳುಗಳು ಪಾತ್ರೆಗೆ ಒಂದೊಂದಾಗಿ ಬಿದ್ದವು. "ತಪ್ಪೊಪ್ಪಿಕೊಳ್ಳದೆ ಸತ್ತವನು ಅಂತ ಭಾನುವಾರ ಸಭೆಯಲ್ಲಿ ಓದ್ತಾರೆ. ನಾನು ಹೆಂಗಸರ ಬೆಂಚಲ್ಲಿ ಕೂತು ಕೇಳಬೇಕು. ಮತ್ತೆ ಆ ಒಂಬತ್ತು ಸಾವಿರ ಯಾರು ಕೊಡ್ತಾರೆ? ರಬ್ಬರ್ ಹಾಕಿದ್ದ ಗಾಡಿ ಅಂತ ಊರಿಗೆಲ್ಲ ಗೊತ್ತಾದ ಮೇಲೆ ಅದನ್ನ ಮುಟ್ಟೋ ಗಂಡಸು ಯಾರಿದ್ದಾನೆ ಇಲ್ಲಿ?"

ಅದು ನಿಜವಾಗಿತ್ತು. ರಬ್ಬರಿನ ಸುದ್ದಿ ಹೊರಬಿದ್ದರೆ ಬೆಲೆಯೇ ಇಲ್ಲ. ಹೊರಬೀಳದಿದ್ದರೆ ಐದು. ಎರಡು ಸಲ ಬೇರೆ ಬೇರೆ ದಾರಿಯಿಂದ ಲೆಕ್ಕ ಮಾಡಿದರೂ ಒಂಬತ್ತು ಎಲ್ಲೂ ಬರಲಿಲ್ಲ.

"ಅವರ ಹೆಸರು ಇಟ್ಕೊಂಡು ನಾನು ಹಸುಗಳಿಗೆ ಏನು ಹಾಕ್ಲಿ ಅತ್ತೆ?"

ಆಗಾನೇತಾ ಇನ್ನೊಂದು ಹಿಡಿ ಬೀನ್ಸ್ ತೆಗೆದುಕೊಂಡಳು.

ಶುಕ್ರವಾರ ಬೆಳಿಗ್ಗೆ ತೀಸೆನ್ ಅಡುಗೆಮನೆಯ ಮೇಜಿನ ಮೇಲೆ ಮಾರಾಟದ ಕಾಗದ ಬರೆದರು. ಬೆಲೆ ಕೇಳಿ ಅವರಿಗೆ ಒಳಗೊಳಗೇ ಖುಷಿಯಾಗಿತ್ತು. "ನಾನು ಐದೂವರೆ ಅಂದಿದ್ದೆ, ನೋಡು. ಎಷ್ಟು ಹತ್ತಿರ ಬಂತು! ನಲವತ್ತು ವರ್ಷದಿಂದ ಬೆಲೆ ಕಟ್ತಿದ್ದೀನಿ ನಾನು." ಆಮೇಲೆ ಪ್ರತಿ ಟ್ರ್ಯಾಕ್ಟರಿನ ಕಾಗದದಲ್ಲೂ ಬರೆಯುವ ಸಾಲನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬರೆದರು: "ಸಭೆಯ ಕಟ್ಟಳೆಗೆ ತಕ್ಕಂತೆ, ಉಕ್ಕಿನ ಗಾಲಿಯುಳ್ಳ, ರಬ್ಬರಿಲ್ಲದ ಒಂದು ಟ್ರ್ಯಾಕ್ಟರ್. ಸೋಮವಾರ ಬೆಳಿಗ್ಗೆ ಒಪ್ಪಿಸತಕ್ಕದ್ದು."

ಐಸಾಕ್ ತುಟಿಯ ಮೂಲೆಯಲ್ಲಿ ನಕ್ಕು ಸಹಿ ಹಾಕಿದ. ಜಸ್ಟೀನಾ ಸಾಲನ್ನು ಎರಡನೇ ಸಲ ಓದಿದಳು. ಪೆನ್ನು ಕೈಯಲ್ಲಿ ಹಿಡಿದವಳು ಮೂರನೇ ಸಲವೂ ಓದಿದಳು.

"ಏನಮ್ಮ, ತಪ್ಪೇನಾದ್ರೂ ಇದೆಯಾ?" ಎಂದರು ತೀಸೆನ್.

"ಇಲ್ಲ ಮಾಮ. ಎಲ್ಲಾ ಸರಿಯಾಗಿದೆ," ಎಂದು ಅವಳೂ ಸಹಿ ಹಾಕಿದಳು.

ಶನಿವಾರ ಮಕ್ಕಳನ್ನು ಆರನೇ ಕ್ಯಾಂಪಿನ ಅಕ್ಕನ ಮನೆಗೆ ಕಳಿಸಿ, ಹಾಲು ಕರೆದು ಮುಗಿಸಿ, ಟ್ರ್ಯಾಕ್ಟರನ್ನು ಶೆಡ್ಡಿನೊಳಗೆ ನಿಲ್ಲಿಸಿ ಬಾಗಿಲು ಎಳೆದುಕೊಂಡಳು. ಗೆರ್ಹಾರ್ಡ್ ನಟ್ಟು ಬಿಚ್ಚುತ್ತಿದ್ದ ಪಾನ ಗೋಡೆಯ ಮೊಳೆಯಲ್ಲಿ ಅವನು ತೂಗುಹಾಕಿದ ಹಾಗೇ ಇತ್ತು. ನಲವತ್ತೆಂಟು ಹಲ್ಲು, ತೊಂಬತ್ತಾರು ಬೋಲ್ಟು. ನಟ್ಟುಗಳಿಗೆ ಡೀಸೆಲ್ ಸವರಿ, ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿ, ಪಾನದ ಹಿಡಿಗೆ ನೀರಿನ ಪೈಪು ಸಿಕ್ಕಿಸಿ ತನ್ನ ಪೂರ್ತಿ ಭಾರ ಹಾಕಿ ತಿರುಗಿಸಿದಳು. ನೆಲಕ್ಕೆ ಒತ್ತಿಕೊಂಡಿದ್ದ ಹಲ್ಲುಗಳನ್ನು ಬಿಟ್ಟು ಮೊದಲು ಮೇಲಿನವನ್ನು ಬಿಚ್ಚಿದಳು. ರಬ್ಬರು ಎಳೆದು, ಹಲ್ಲನ್ನು ಉಕ್ಕಿಗೆ ಉಕ್ಕು ತಾಗುವಂತೆ ಕೂರಿಸಿ ಬಿಗಿದಳು. ಆಮೇಲೆ ಎಂಜಿನ್ ಹಾಕಿ ಟ್ರ್ಯಾಕ್ಟರನ್ನು ಅರ್ಧ ಸುತ್ತು ಮುಂದೆ ಸರಿಸಿ ಉಳಿದವನ್ನು.

ಆಗಾನೇತಾ ಒಂದು ಸಣ್ಣ ಸ್ಟೂಲು ತಂದು ಬಾಗಿಲ ಬಳಿ ಹಾಕಿಕೊಂಡು, ಸೂರ್ಯಕಾಂತಿ ಬೀಜ ಬಿರಿಸುತ್ತಾ ಕೂತಳು.

"ಇದು ಸೇಡಾ?" ಎಂದು ಕೇಳಿದಳು ಕೊನೆಗೆ.

"ಕಾಗದದಲ್ಲಿ ಏನಿದೆಯೋ ಅದನ್ನ ಕೊಡ್ತಿದ್ದೀನಿ ಅತ್ತೆ. ರಬ್ಬರಿಲ್ಲದ ಟ್ರ್ಯಾಕ್ಟರ್ ಅಂತ ಸಹಿ ಹಾಕಿದ್ದೀನಿ. ಸುಳ್ಳು ಸಹಿ ಹಾಕ್ಲಾ?"

"ಹೌದು ಹೌದು. ನೀನು ಈಗ ಭಾರೀ ಭಕ್ತೆ." ಮುದುಕಿ ಸಿಪ್ಪೆ ಉಗುಳಿದಳು. "ನನ್ನ ಮಗನ ಗಾಡಿ ಹಾಳಾಗತ್ತಲ್ಲೇ," ಎಂದಳು. ಈ ಸಲ ದನಿ ಬೇರೆಯಾಗಿತ್ತು.

ಜಸ್ಟೀನಾ ಪಾನದ ಮೇಲೆ ಒರಗಿ ನಿಂತಳು. ಕೈಯ ಚರ್ಮ ಎರಡು ಕಡೆ ಕಿತ್ತಿತ್ತು. ಎಡಗಾಲಿಯ ಒಂಬತ್ತನೇ ಹಲ್ಲಿನ ಕೆಳಗಿನ ತುಂಡು ಉಳಿದವಕ್ಕಿಂತ ಹೊಸದಾಗಿತ್ತು. ಅದರ ಮೇಲೆ ಗೆರ್ಹಾರ್ಡ್ ಸೀಮೆಸುಣ್ಣದಲ್ಲಿ ಎಳೆದ ಗೆರೆ ಒಂದು ವರ್ಷ ಮಣ್ಣಿನೊಳಗಿದ್ದೂ ಅಳಿಸಿರಲಿಲ್ಲ. "ಗೊತ್ತು," ಎಂದಳು. ಮತ್ತೆ ಪೈಪಿಗೆ ಭಾರ ಹಾಕಿದಳು.

ಸಂಜೆಯ ಹಾಲು ಕರೆಯುವ ಹೊತ್ತಿಗೆ ಕೆಲಸ ಮುಗಿಯಿತು. ತೊಂಬತ್ತಾರು ತುಂಡುಗಳನ್ನು ಆಗಾನೇತಾಳ ಮಾತಿನಂತೆ ಕರುಗಳ ಕೆಳಗೆ ಹುಲ್ಲಿನಡಿ ಹಾಸಿದಳು. "ಕರುಗಳಿಗೆ ಇನ್ನೂ ಯಾವ ಕಟ್ಟಳೇನೂ ಬಂದಿಲ್ಲ," ಎಂದಿದ್ದಳು ಮುದುಕಿ.

ಸೋಮವಾರ ಐಸಾಕ್ ಒಬ್ಬನೇ ಬಂದ, ಹುರುಪಿನಿಂದ ಹತ್ತಿದ. ಅಂಗಳದ ಮೆತ್ತನೆಯ ಮಣ್ಣಿನಲ್ಲಿ ಏನೂ ತಿಳಿಯಲಿಲ್ಲ. ಗೇಟು ದಾಟಿ ಗಟ್ಟಿ ರಸ್ತೆಗೆ ಗಾಲಿ ಇಟ್ಟ ಕ್ಷಣ ಅಡುಗೆಮನೆಯ ಕಿಟಕಿಯ ಗಾಜು ಗಲಗಲ ಎಂದಿತು. ಕಪಾಟಿನ ಮೇಲೆ, ಲೋಟದಲ್ಲಿದ್ದ ಆಗಾನೇತಾಳ ಹಲ್ಲಿನ ಸೆಟ್ಟು ಕುಣಿಯತೊಡಗಿತು. ಐಸಾಕ್‌ನ ಟೋಪಿ ಒಂದು ಸಲ ಎದ್ದು ಬಿತ್ತು. ಅವನು ಬ್ರೇಕು ಒತ್ತಿ, ಇಳಿದು, ಗಾಲಿಯ ಮುಂದೆ ಕೂತ. ಎದ್ದು ಮನೆಯ ಕಡೆ ನೋಡಿದ. ಜಸ್ಟೀನಾ ಹಾಲಿನ ಕ್ಯಾನು ಹಿಡಿದು ಗೇಟಿನಲ್ಲೇ ನಿಂತಿದ್ದಳು.

ಹತ್ತು ಹೆಜ್ಜೆ ಹತ್ತಿರ ಬಂದ. "ಏನು ಮಾಡ್ದೆ?"

"ನಾನೇನು ಮಾಡ್ದೆ ಪೆನ್ನರಣ್ಣ?"

"ಇದು ನಾನು ಕೊಂಡ ಗಾಡಿ ಅಲ್ಲ."

"ಏನು ಕಮ್ಮಿಯಾಗಿದೆ ಹೇಳಿ. ತೀಸೆನ್ ಮಾಮನನ್ನ ಕರೆಸ್ತೀನಿ. ಅವರ ಮುಂದೆ ಹೇಳಿ, ಏನಿತ್ತು, ಏನಿಲ್ಲ ಅಂತ. ನಿಮ್ಮ ಜೇಬಲ್ಲಿ ಅದರ ಚೂರೂ ಇದೆಯಲ್ಲ, ಅದನ್ನೂ ತೋರಿಸಿ."

ಎದುರಿಂದ ಚೀಸ್ ಕಾರ್ಖಾನೆಯ ಹಾಲಿನ ಗಾಡಿ ಬರುತ್ತಿತ್ತು. ಗಾಡಿಯವನು ಐಸಾಕ್‌ಗೆ ಕೈ ಎತ್ತಿ, "ಹೊಸಾ ಟ್ರ್ಯಾಕ್ಟರಾ ಪೆನ್ನರ್? ಒಳ್ಳೇದಾಗ್ಲಿ!" ಎಂದು ಕೂಗಿದ. ಐಸಾಕ್ ಕೂಡ ಕೈ ಎತ್ತಬೇಕಾಯಿತು. ಬಾಯಿ ತೆರೆದವನು ಮುಚ್ಚಿಕೊಂಡು, ಟ್ರ್ಯಾಕ್ಟರ್ ಹತ್ತಿ, ಬೆನ್ನು ಕುಲುಕಿಸಿಕೊಳ್ಳುತ್ತಾ ಹೋದ.

ಬೇಕಿದ್ದರೆ ಅವನೂ ರಬ್ಬರು ತರಬಹುದಿತ್ತು. ಪಟ್ಟಿ ಈಗಲೂ ಗಿರಣಿಯ ಹಿತ್ತಲಲ್ಲಿ ಬಿದ್ದಿತ್ತು. ಆದರೆ ಅವನ ಶೆಡ್ಡಿನಲ್ಲಿ ದಿನವಿಡೀ ಏಳು ಗಂಡುಮಕ್ಕಳು. ಅವರಲ್ಲೊಬ್ಬನ ಮಾವ ಸಭೆಯ ಬೋಧಕ. ಬೇರೆಯವರು ಮಾಡಿಟ್ಟ ಪಾಪವನ್ನು ಕೊಳ್ಳುವಷ್ಟು ಧೈರ್ಯ ಐಸಾಕ್‌ಗಿತ್ತು, ತಾನೇ ಮಾಡುವಷ್ಟು ಇರಲಿಲ್ಲ.

ಆ ಸೋಮವಾರ ಜಸ್ಟೀನಾ ನಕ್ಕಳು. ಗೆರ್ಹಾರ್ಡ್ ಸತ್ತ ಮೇಲೆ ಮೊದಲ ಸಲ ನಕ್ಕದ್ದು. ಅದು ಒಂದು ವಾರವೂ ಬಾಳಲಿಲ್ಲ. 

ನಿಧಿಗೆ ಇನ್ನೂ ನಾಲ್ಕು ಸಾವಿರ ಬೇಕಿತ್ತು. ಮೇವಿನ ಹೊಲಕ್ಕೆ ತೀಸೆನ್ ಬೆಲೆ ಕಟ್ಟಿದರು, ಈ ಸಲವೂ ಅಂಗಳದಲ್ಲೇ ನಿಂತು. ಕೊಳ್ಳಲು ಕೈಯಲ್ಲಿ ಕಾಸಿದ್ದವನು ಕ್ಯಾಂಪಿನಲ್ಲಿ ಒಬ್ಬನೇ. ಟ್ರ್ಯಾಕ್ಟರಿನಲ್ಲಿ ಉಳಿಸಿಕೊಂಡ ನಾಲ್ಕು ಸಾವಿರವನ್ನು ಐಸಾಕ್ ಹೊಲಕ್ಕೆ ಕೊಟ್ಟ. ಲೆಕ್ಕ ಸರಿಯಾಗಿ ಕೂತಿತು: ಒಂಬತ್ತು ಸಾವಿರಕ್ಕೆ ಅವನಿಗೆ ಗಾಡಿಯೂ ಬಂತು, ಹೊಲವೂ ಬಂತು. ಮೇ ತಿಂಗಳಲ್ಲಿ ಐದು ಹಸು ಮಾರಿದಳು. ಜೂನ್‌ನಲ್ಲಿ ಮೂರು. ಜುಲೈ ಮೊದಲ ಭಾನುವಾರ, ಸಭೆ ಮುಗಿದ ಮೇಲೆ, ತೀಸೆನ್ ಅವಳನ್ನು ಪಕ್ಕಕ್ಕೆ ಕರೆದು, ಎರಡನೇ ಕ್ಯಾಂಪಿನ ಒಬ್ಬ ಸಭ್ಯ ಮನುಷ್ಯನ ವಿಷಯ ತೆಗೆದರು. ಹೆಂಡತಿ ಹೋಗಿ ಐದು ತಿಂಗಳಾಗಿತ್ತಂತೆ. ಒಂಬತ್ತು ಮಕ್ಕಳು. "ಒಳ್ಳೇ ಮನೆ ತಾಯಿ. ಕಿಟಕಿಗೆಲ್ಲ ಹೊಸ ಜಾಲರಿ ಹಾಕಿಸಿದ್ದಾನೆ."

"ಯೋಚನೆ ಮಾಡ್ತೀನಿ ಮಾಮ," ಎಂದಳು.

ಐಸಾಕ್‌ನ ಮಕ್ಕಳು ದಿನವೂ ಬೆಳಿಗ್ಗೆ ಅದೇ ಟ್ರ್ಯಾಕ್ಟರನ್ನು ಮನೆಯ ಮುಂದಿನ ರಸ್ತೆಯಿಂದ ಹಾಯಿಸಿಕೊಂಡು ಹಿಂದಿನ ಹೊಲಗಳಿಗೆ ಹೋಗುತ್ತಿದ್ದರು, ಸಂಜೆ ಅದೇ ದಾರಿಯಲ್ಲಿ ಮರಳುತ್ತಿದ್ದರು. ಜಸ್ಟೀನಾ ಪುಸ್ತಕವನ್ನು ಸುಟ್ಟಿರಲಿಲ್ಲ. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ಕೈಗೆ ಅಭ್ಯಾಸವಾಗಿತ್ತು. ಹೋದ ಹೊತ್ತು, ಬಂದ ಹೊತ್ತು ನೋಡಿ ಬರೆಯುತ್ತಿದ್ದಳು. ಇವತ್ತು ಐದು ಗಂಟೆ. ಇವತ್ತು ಆರು.

ಆಗಸ್ಟಿನ ಒಂದು ಬೆಳಿಗ್ಗೆ, ಕೂಡಿದರೆ ಮುನ್ನೂರ ನಲವತ್ತು ಗಂಟೆಯಾಗಿತ್ತು, ಟ್ರ್ಯಾಕ್ಟರು ರಸ್ತೆಯಲ್ಲಿ ಬಂದಾಗ ಎಂದಿನಂತೆ ಕಿಟಕಿ ಗಲಗಲ ಎನ್ನತೊಡಗಿತು. ಆ ಗಲಗಲದ ಹಿಂದೆ ಇನ್ನೊಂದು ಸದ್ದಿದ್ದಂತೆ ಅವಳಿಗೆ ಅನಿಸಿತು. ಸ್ಪಷ್ಟವಿರಲಿಲ್ಲ. ಅವಳು ಕೊಟ್ಟಿಗೆಗೆ ಓಡಿ, ಹುಲ್ಲು ಸರಿಸಿ, ಒಂದು ತುಂಡು ರಬ್ಬರು ತಂದಳು. ಬೀನ್ಸ್ ಹೆಚ್ಚುವ ಚಾಕುವಿನಿಂದ ಅದರಲ್ಲಿ ನಾಲ್ಕು ಎಳೆ ಸೀಳಿ, ಗಾಜಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ನಾಲ್ಕು ಮೂಲೆಗೂ ತುರುಕಿದಳು.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರು ಬಂದಾಗ ಕಿಟಕಿ ಸುಮ್ಮನಿತ್ತು.

ಆಗ ಆ ಸದ್ದು ನಿಚ್ಚಳವಾಗಿ ಕೇಳಿತು. ಗೇರ್‌ಬಾಕ್ಸಿನ ಒಳಗಿನಿಂದ, ಸಣ್ಣಗೆ, ಎಲ್ಲೂ ತುಂಡಾಗದೆ ಬರುವ ಕೀರಲು. ಎಂಟೊಂಬತ್ತು ವರ್ಷದ ಹಿಂದೆ, ಬೇರಿಂಗ್ ಒಡೆಯುವ ಮುಂಚೆ, ಎರಡು ಸಲ ಕೇಳಿದ್ದ ಸದ್ದು. ಕುರ್ಚಿಯಲ್ಲಿದ್ದ ಆಗಾನೇತಾ ಕೈಯಲ್ಲಿದ್ದುದನ್ನು ಕೆಳಗಿಟ್ಟು ಮುಖ ಎತ್ತಿದಳು.

"ಇನ್ನೆಷ್ಟು ದಿನ?" ಎಂದು ಕೇಳಿದಳು.

"ಎಂಟು. ಹೆಚ್ಚಂದ್ರೆ ಹತ್ತು."

ಟ್ರ್ಯಾಕ್ಟರು ತಿರುವು ದಾಟಿ, ಅವಳದಾಗಿದ್ದ ಹೊಲಕ್ಕೆ ಇಳಿಯಿತು. ಮೆತ್ತನೆಯ ನೆಲದ ಮೇಲೆ ಗಾಲಿಗಳ ಗದ್ದಲ ನಿಂತಿತು, ಕೀರಲು ಮಾತ್ರ ಉಳಿಯಿತು. ಮುದುಕಿ ಕಪಾಟಿಗೆ ಹೋಗಿ, ಲೋಟದಿಂದ ಹಲ್ಲಿನ ಸೆಟ್ಟು ತೆಗೆದು ಬಾಯಿಗೆ ಹಾಕಿಕೊಂಡು, ಅಡುಗೆಮನೆಯ ಬಾಗಿಲು ಮುಚ್ಚಿದಳು. ಜಸ್ಟೀನಾ ಕಿಟಕಿಯ ಬಳಿಯೇ ನಿಂತಿದ್ದಳು. ಅದು ಹೊಲದ ಆ ತುದಿಗೆ ಹೋಗಿ ಈ ತುದಿಗೆ ಬರುವುದನ್ನು ಕೇಳುತ್ತಿದ್ದಳು.